‘ಆಮೇಲೆ’ ಎಂಬ ಮಾತು

ಯುದ್ಧ ವಿರೋಧಿ ಸಭೆಗೋ ಕಾರ್ಮಿಕರ ಮೆರವಣಿಗೆಗೋ ನಮ್ಮ ಸಂಘಗಳಿಗೆ ಕರೆ ಬಂದಾಗಲೆಲ್ಲ ಒಂದಷ್ಟು ದೊಡ್ಡ ಪದಗಳು ಕಿವಿಗೆ ಬೀಳುತ್ತವೆ. ಸಾಮ್ರಾಜ್ಯಶಾಹಿ, ಬಂಡವಾಳಶಾಹಿ, ವರ್ಗಸಂಘರ್ಷ, ಪ್ರಧಾನ ವೈರುಧ್ಯ. ‘ಇದೆಲ್ಲ ಓದಿದವರ ಮಾತು, ವಾರವಾರ ಉಳಿತಾಯ ಕಟ್ಟಿ ಸಾಲ ತೀರಿಸುವ ನಮಗೇಕೆ?’ ಎಂದು ಕೇಳುವ ಸದಸ್ಯೆಯರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ದೊಡ್ಡ ಪದಗಳ ನಡುವೆ ನೂರು ವರ್ಷಕ್ಕೂ ಹಳೆಯದಾದ ಒಂದು ಜಗಳವಿದೆ, ಅದು ನೇರವಾಗಿ ನಮಗೆ ಸಂಬಂಧಿಸಿದ್ದು. ಹೊರಗೆ ಬಲಾಢ್ಯ ಶತ್ರುವೊಬ್ಬ ನಿಂತಿರುವಾಗ ಹೆಂಗಸರು ಒಳಗಿನ ಅನ್ಯಾಯದ ಬಗ್ಗೆ ಮಾತನಾಡಬಹುದೇ, ಅಥವಾ ಆ ಶತ್ರು ಸೋಲುವವರೆಗೆ ಬಾಯಿ ಮುಚ್ಚಿಕೊಂಡಿರಬೇಕೇ ಎಂಬುದೇ ಆ ಜಗಳ. 2025ರ ಜೂನ್ ತಿಂಗಳಲ್ಲಿ ಇರಾನಿನ ಮೇಲೆ ಬಾಂಬುಗಳು ಬಿದ್ದಾಗ ಪ್ರಪಂಚದ ಎಡಪಂಥೀಯರ ನಡುವೆ ಈ ಜಗಳ ಮತ್ತೆ ಕಾವೇರಿತು. ಇರಾನಿನ ಹೆಂಗಸರ ಕಷ್ಟವನ್ನು ಈಗ ಎತ್ತಿದರೆ ಅಮೆರಿಕಕ್ಕೆ ಅನುಕೂಲವಾಗುತ್ತದೆ ಎಂದವರು ಕೆಲವರು. ಆ ಹೆಂಗಸರನ್ನು ಬಿಡಿಸುವುದಕ್ಕೆ ಬಾಂಬೇ ದಾರಿ ಎಂದವರು ಇನ್ನು ಕೆಲವರು. ಇವೆರಡರಲ್ಲಿ ಯಾವುದನ್ನೂ ಒಪ್ಪಲಾರದ ಹೆಂಗಸರು ಎಲ್ಲಿ ನಿಲ್ಲಬೇಕು ಎಂಬುದನ್ನು ಈ ಸಂಚಿಕೆಯಲ್ಲಿ ಚರ್ಚಿಸಬೇಕೆನಿಸಿದೆ.

ಮೊದಲು ಪದದ ಅರ್ಥವನ್ನು ತಿಳಿಯೋಣ. ಒಂದು ದೇಶದ ಬಲಿಷ್ಠರು ಇನ್ನೊಂದು ದೇಶದ ನೆಲ, ಗಣಿ, ಎಣ್ಣೆ, ದುಡಿಮೆಗಳ ಮೇಲೆ ಹಿಡಿತ ಸಾಧಿಸಿ ಅದರ ಲಾಭ ಉಣ್ಣುವುದೇ ಸಾಮ್ರಾಜ್ಯಶಾಹಿ. ಇದಕ್ಕೆ ಯಾವಾಗಲೂ ಸೈನ್ಯವೇ ಬೇಕೆಂದಿಲ್ಲ. ದೊಡ್ಡ ಬ್ಯಾಂಕುಗಳೂ ದೊಡ್ಡ ಕಂಪನಿಗಳೂ ಒಂದಾಗಿ, ತಮ್ಮ ದೇಶದಲ್ಲಿ ಹೂಡಲು ಜಾಗ ಸಾಲದ ಹಣವನ್ನು ಪರದೇಶಗಳಿಗೆ ಕಳಿಸಿ, ಪ್ರಪಂಚವನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತವೆ ಎಂದು ಲೆನಿನ್ 1916ರಲ್ಲಿ ಬರೆದ ಪುಸ್ತಕದಲ್ಲಿ ವಿವರಿಸಿದರು. ನಮ್ಮ ಸದಸ್ಯೆಯರಿಗೆ ಇದು ಅರ್ಥವಾಗದ ವಿಷಯವಲ್ಲ. ಸಾಲ ಕೊಟ್ಟವನು ನಮ್ಮ ಹೊಲದಲ್ಲಿ ಏನು ಬೆಳೆಯಬೇಕು, ಅದನ್ನು ಯಾರಿಗೆ ಮಾರಬೇಕು ಎಂದು ಹೇಳತೊಡಗಿದರೆ ಏನಾಗುತ್ತದೆಂದು ಯಾವ ಪುಸ್ತಕವನ್ನೂ ಓದದೆ ನಾವು ತಿಳಿದಿದ್ದೇವೆ.

ಇನ್ನು ‘ಪ್ರಧಾನ ವೈರುಧ್ಯ’. ಸಮಾಜದಲ್ಲಿ ಒಂದೇ ಕಾಲಕ್ಕೆ ಹಲವು ಘರ್ಷಣೆಗಳಿರುತ್ತವೆ, ಅವುಗಳಲ್ಲಿ ಒಂದು ಮುಖ್ಯವಾಗಿದ್ದು ಉಳಿದವನ್ನು ನಡೆಸುತ್ತದೆ ಎಂಬ ವಿಚಾರವನ್ನು ಮಾವೋ 1937ರಲ್ಲಿ ಮಂಡಿಸಿದರು. ಹೋರಾಟಗಾರರಿಗೆ ಇದು ಉಪಯುಕ್ತ ವಿಚಾರವೇ. ಆದರೆ ಯಾವುದು ಮುಖ್ಯ ಎಂದು ತೀರ್ಮಾನಿಸುವವರು ಯಾರು ಎಂಬಲ್ಲಿ ತೊಡಕು ಹುಟ್ಟುತ್ತದೆ. ತೀರ್ಮಾನಿಸುವ ಮೇಜಿನ ಸುತ್ತ ಬರೀ ಗಂಡಸರೇ ಕುಳಿತಿದ್ದರೆ, ಹೆಂಗಸಿನ ಮೈಮೇಲೆ ಬೀಳುವ ಏಟು ಯಾವತ್ತೂ ಎರಡನೆಯ ಸಾಲಿಗೇ ಹೋಗುತ್ತದೆ.

ಇದು ಮಾರ್ಕ್ಸ್‌ವಾದದ ಮೂಲದಲ್ಲೇ ಇದ್ದ ದೋಷವೆಂದು ಹೇಳಲಾಗದು. ಖಾಸಗಿ ಆಸ್ತಿ ಹುಟ್ಟಿದಾಗ, ಆ ಆಸ್ತಿಯನ್ನು ತನ್ನ ಮಕ್ಕಳಿಗೇ ಕೊಡಬೇಕೆಂಬ ಗಂಡಿನ ಹಂಬಲದಿಂದ ಹೆಣ್ಣಿನ ದಾಸ್ಯ ಬಲವಾಯಿತೆಂದು ಎಂಗೆಲ್ಸ್ 1884ರಲ್ಲೇ ಬರೆದಿದ್ದರು. ಮಹಿಳಾ ದಿನವೊಂದು ಬೇಕೆಂದು 1910ರಲ್ಲಿ ಕೋಪನ್‌ಹೇಗನ್ ಸಮ್ಮೇಳನದ ಮುಂದೆ ಸೂಚನೆ ತಂದವರು ಜರ್ಮನಿಯ ಸಮಾಜವಾದಿ ಕ್ಲಾರಾ ಜೆಟ್ಕಿನ್. 1917ರ ಮಾರ್ಚ್ 8ರಂದು ಪೆಟ್ರೋಗ್ರಾಡ್ ನಗರದ ಬಟ್ಟೆ ಗಿರಣಿಗಳ ಹೆಂಗಸರು ‘ರೊಟ್ಟಿ ಕೊಡಿ’ ಎಂದು ಬೀದಿಗಿಳಿದದ್ದರಿಂದಲೇ ರಷ್ಯದ ಕ್ರಾಂತಿ ಆರಂಭವಾಯಿತು. ಅಂದರೆ ಮಾರ್ಚ್ 8 ಎಡಪಂಥೀಯರು ತಮ್ಮದೆಂದು ಹೆಮ್ಮೆಪಡುವ ದಿನ. ಹೀಗಿದ್ದೂ ಆ ದಿನದಂದೇ, ಇರಾನಿನಲ್ಲಿ, ಹೆಂಗಸರಿಗೆ ‘ಈಗ ಬೇಡ, ಆಮೇಲೆ’ ಎಂದು ಹೇಳಲಾಯಿತು. ಆ ಕಥೆಯನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು.

ಇರಾನಿನ ಎಣ್ಣೆ ದಶಕಗಳ ಕಾಲ ಬ್ರಿಟಿಷ್ ಕಂಪನಿಯ ಕೈಯಲ್ಲಿತ್ತು. 1951ರಲ್ಲಿ ಪ್ರಧಾನಿ ಮೊಸಾದೆಗ್ ಅದನ್ನು ರಾಷ್ಟ್ರೀಕರಣ ಮಾಡಿದರು. 1953ರ ಆಗಸ್ಟಿನಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಗೂಢಚಾರ ಸಂಸ್ಥೆಗಳು ಸೇರಿ ಅವರ ಸರ್ಕಾರವನ್ನು ಉರುಳಿಸಿ, ದೊರೆ ಷಾನ ಕೈಗೆ ಪೂರ್ತಿ ಅಧಿಕಾರ ಕೊಡಿಸಿದವು. ಮುಂದಿನ 25 ವರ್ಷ ಅಲ್ಲಿ ಗುಪ್ತ ಪೊಲೀಸರ ಆಳ್ವಿಕೆ. ಇದೇ ಷಾನ ಕಾಲದಲ್ಲಿ 1963ರಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಬಂತು. 1967ರಲ್ಲಿ ಕುಟುಂಬ ಸಂರಕ್ಷಣಾ ಕಾಯಿದೆ ಬಂದು 1975ರಲ್ಲಿ ತಿದ್ದುಪಡಿಯಾಯಿತು. ಗಂಡ ಮನಸ್ಸಿಗೆ ಬಂದಂತೆ ಹೆಂಡತಿಯನ್ನು ಬಿಡುವಂತಿಲ್ಲ, ಕೋರ್ಟಿಗೆ ಬರಬೇಕು ಎಂದಾಯಿತು. ಎರಡನೆಯ ಮದುವೆಗೆ ಕಡಿವಾಣ ಬಿತ್ತು, ಹುಡುಗಿಯರ ಮದುವೆಯ ವಯಸ್ಸು 18ಕ್ಕೇರಿತು. ಈ ಹಕ್ಕುಗಳಿಗಾಗಿ ಇರಾನಿನ ಹೆಂಗಸರು 1906ರ ಸಂವಿಧಾನ ಚಳವಳಿಯ ಕಾಲದಿಂದ ಸಂಘ ಕಟ್ಟಿ ದುಡಿದಿದ್ದರು. ಆದರೆ ಅವು ಜಾರಿಗೆ ಬಂದದ್ದು ಸರ್ವಾಧಿಕಾರಿಯ ಮೊಹರಿನೊಂದಿಗೆ. ಹಾಗಾಗಿ ಷಾನನ್ನು ದ್ವೇಷಿಸಿದ ಬಹಳ ಮಂದಿಗೆ ಆ ಹಕ್ಕುಗಳೂ ಅಮೆರಿಕದ ಸರಕಿನಂತೆ ಕಂಡವು.

1978ರಲ್ಲಿ ಜನ ಬೀದಿಗಿಳಿದಾಗ ಹೆಂಗಸರೂ ಲಕ್ಷಗಟ್ಟಲೆ ಬಂದರು. ಅಲ್ಲಿಯವರೆಗೆ ತಲೆಗೆ ಬಟ್ಟೆ ಹೊದ್ದಿರದ ಎಷ್ಟೋ ವಿದ್ಯಾವಂತ ಹೆಂಗಸರು ಷಾನ ಮೇಲಿನ ಪ್ರತಿಭಟನೆಯ ಗುರುತಾಗಿ, ಬಡ ಹೆಂಗಸರೊಂದಿಗೆ ತಾವೂ ಒಂದೆಂದು ತೋರಿಸಲು, ತಾವಾಗಿಯೇ ಕಪ್ಪು ಚಾದರ ಹೊದ್ದರು. 1979ರ ಜನವರಿಯಲ್ಲಿ ಷಾ ದೇಶ ಬಿಟ್ಟು ಓಡಿದ. ಫೆಬ್ರವರಿ 11ರಂದು ಕ್ರಾಂತಿ ಗೆದ್ದಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಅದೇ ತಿಂಗಳು ಮುಗಿಯುವ ಮೊದಲೇ ಕುಟುಂಬ ಸಂರಕ್ಷಣಾ ಕಾಯಿದೆಯನ್ನು ಕೈಬಿಡಲಾಗುವುದೆಂದು ಪ್ರಕಟಣೆ ಹೊರಟಿತು. ಹೆಂಗಸರು ಸರ್ಕಾರಿ ಕಚೇರಿಗಳಿಗೆ ತಲೆ ಮುಚ್ಚಿಕೊಂಡೇ ಬರಬೇಕೆಂಬ ಖೊಮೇನಿಯವರ ಮಾತು ಮಹಿಳಾ ದಿನದ ಹಿಂದಿನ ದಿನ ಊರೆಲ್ಲ ಹರಡಿತು. ಮಾರ್ಚ್ 8ರಂದು, ಹಿಮ ಬೀಳುತ್ತಿದ್ದ ಟೆಹರಾನ್ ನಗರದಲ್ಲಿ, ಸಾವಿರಾರು ಹೆಂಗಸರು ಬೀದಿಗೆ ಬಂದರು. ಆಸ್ಪತ್ರೆಯ ದಾದಿಯರು, ಶಾಲೆಯ ಹುಡುಗಿಯರು, ಗುಮಾಸ್ತೆಯರು, ವಕೀಲೆಯರು. ಹಿಂದಕ್ಕೆ ಹೋಗಲೆಂದು ನಾವು ಕ್ರಾಂತಿ ಮಾಡಲಿಲ್ಲ ಎಂಬುದು ಅವರ ಕೂಗಾಗಿತ್ತು. ಗಂಡಸರ ಗುಂಪುಗಳು ಕಲ್ಲು ಬೀರಿದವು, ಚಾಕು ತೋರಿಸಿದವು. ಆದರೂ ಪ್ರತಿಭಟನೆ ಹಲವು ದಿನ ನಡೆಯಿತು.

ಆಗ ಇರಾನಿನ ಎಡಪಕ್ಷಗಳಿಗೆ ಬಲವಿತ್ತು. ಹಳೆಯ ತುದೇ ಪಕ್ಷವಿತ್ತು, ಷಾನ ವಿರುದ್ಧ ಪ್ರಾಣ ಕೊಟ್ಟ ಫೆದಾಯೀನ್ ಯುವಕ ಯುವತಿಯರಿದ್ದರು. ಹೆಂಗಸರ ಜೊತೆಗೆ ನಿಂತ ಎಡಪಂಥೀಯರೂ ಇದ್ದರು. ಆದರೆ ದೊಡ್ಡ ಸಂಘಟನೆಗಳ ನಾಯಕರು ಹಿಂಜರಿದರು. ಅವರ ವಾದಗಳು ಮೂರು. ಮುಖ್ಯ ಶತ್ರು ಅಮೆರಿಕ, ಈಗ ಒಗ್ಗಟ್ಟು ಮುರಿಯಬಾರದು. ಬೀದಿಗೆ ಬಂದವರು ಉಳ್ಳವರ ಮನೆಯ ಹೆಂಗಸರು, ದುಡಿಯುವ ಹೆಣ್ಣಿಗೆ ತಲೆಯ ಬಟ್ಟೆಗಿಂತ ಹೊಟ್ಟೆಯ ಚಿಂತೆ ದೊಡ್ಡದು. ಈ ಗಲಾಟೆಯಿಂದ ಲಾಭವಾಗುವುದು ಷಾನ ಕಡೆಯವರಿಗೆ.

ಈ ವಾದಗಳನ್ನು ನಾವು ತಾತ್ಸಾರದಿಂದ ತಳ್ಳಿಹಾಕಬಾರದು. 1953ರಲ್ಲಿ ಮೋಸಹೋದ ಜನ ಅವರು. ಇನ್ನೊಂದು ಸಂಚು ನಡೆದೀತೆಂಬ ಭಯ ಸುಳ್ಳಲ್ಲ. ಆದರೂ ವಾದಗಳನ್ನು ಒಂದೊಂದಾಗಿ ಒರೆಗೆ ಹಚ್ಚೋಣ. ಕುಟುಂಬದ ಕಾಯಿದೆ ಹೋದರೆ ಹೆಚ್ಚು ನಷ್ಟವಾಗುವುದು ಯಾರಿಗೆ? ಹಣವಿದ್ದ ಹೆಣ್ಣು ಪ್ಯಾರಿಸ್ಸಿಗೆ ಹೋಗಿ ಬದುಕಬಲ್ಲಳು. ಗಂಡ ಹೊರಹಾಕಿದ ಕಾರ್ಮಿಕ ಹೆಣ್ಣಿಗೆ, ಸವತಿ ಬಂದ ರೈತ ಹೆಣ್ಣಿಗೆ, ಮಕ್ಕಳನ್ನು ಕಳೆದುಕೊಂಡ ತಾಯಿಗೆ ಆ ಕಾಯಿದೆಯೇ ಏಕೈಕ ಆಸರೆಯಾಗಿತ್ತು. ಮುಂದೆ ಹುಡುಗಿಯರ ಮದುವೆಯ ವಯಸ್ಸನ್ನು 9ಕ್ಕೆ ಇಳಿಸಲಾಯಿತು. 2002ರಲ್ಲಿ ಅದನ್ನು 13ಕ್ಕೆ ಏರಿಸಿದರೂ, ಕೋರ್ಟಿನ ಒಪ್ಪಿಗೆ ಪಡೆದು ಅದಕ್ಕೂ ಮೊದಲೇ ಮದುವೆ ಮಾಡುವ ಬಾಗಿಲು ತೆರೆದೇ ಇತ್ತು. ಎಳೆಯ ವಯಸ್ಸಿಗೇ ಮದುವೆಯಾಗುವವರು ಯಾರ ಮನೆಯ ಹುಡುಗಿಯರೆಂದು ನಮ್ಮ ಹಳ್ಳಿಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಹೊಟ್ಟೆಯ ಪ್ರಶ್ನೆ ಬೇರೆ, ಹೆಣ್ಣಿನ ಪ್ರಶ್ನೆ ಬೇರೆ ಎಂದು ಭಾಗ ಮಾಡಿದವರು ಬಡ ಹೆಣ್ಣಿನ ಹೆಸರು ಹೇಳಿದರೇ ಹೊರತು ಅವಳನ್ನು ಕೇಳಲಿಲ್ಲ.

ಒತ್ತಾಯವೇನಿಲ್ಲ ಎಂದು ಸರ್ಕಾರ ಆಗ ಸಮಾಧಾನದ ಮಾತಾಡಿತು. ಹೆಂಗಸರು ಮನೆಗೆ ಮರಳಿದರು. ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದ ರಾಯಭಾರ ಕಚೇರಿಯನ್ನು ವಿದ್ಯಾರ್ಥಿಗಳು ವಶಪಡಿಸಿಕೊಂಡ ಮೇಲಂತೂ, ಸಾಮ್ರಾಜ್ಯಶಾಹಿಯನ್ನು ಎದುರಿಸುವ ಸರ್ಕಾರವಿದು, ಟೀಕಿಸಬಾರದು ಎಂಬ ವಾದಕ್ಕೆ ಬಲ ಬಂತು. 1980ರ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳಲ್ಲಿ ತಲೆವಸ್ತ್ರ ಕಡ್ಡಾಯವಾಯಿತು. 1983ರಲ್ಲಿ ಅದನ್ನು ಮೀರಿದವರಿಗೆ 74 ಛಡಿಯೇಟಿನ ಶಿಕ್ಷೆ ಕಾನೂನಿಗೆ ಸೇರಿತು. ಹೆಂಗಸರು ನ್ಯಾಯಾಧೀಶರಾಗುವಂತಿಲ್ಲ ಎಂದಾಯಿತು. ಕ್ರಾಂತಿಯನ್ನು ಬೆಂಬಲಿಸಿದ್ದ ನ್ಯಾಯಾಧೀಶೆ ಶಿರಿನ್ ಎಬಾದಿಯವರನ್ನು ಅದೇ ನ್ಯಾಯಾಲಯದಲ್ಲಿ ಗುಮಾಸ್ತೆಯ ಕೆಲಸಕ್ಕೆ ಇಳಿಸಲಾಯಿತು. ಮುಂದೆ ವಕೀಲೆಯಾಗಿ ಹೋರಾಡಿ 2003ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು ಅವರೇ.

‘ಆಮೇಲೆ’ ಎಂದವರ ಗತಿಯೇನಾಯಿತು? ಸರ್ಕಾರವನ್ನು ಕಡೆಯವರೆಗೂ ಬೆಂಬಲಿಸಿದ ತುದೇ ಪಕ್ಷವನ್ನು 1983ರಲ್ಲಿ ನಿಷೇಧಿಸಲಾಯಿತು. ಅದರ ನಾಯಕರನ್ನು ಸೆರೆಗೆ ತಳ್ಳಿ, ದೂರದರ್ಶನದಲ್ಲಿ ತಪ್ಪೊಪ್ಪಿಗೆ ಓದಿಸಲಾಯಿತು. 1988ರ ಬೇಸಿಗೆಯಲ್ಲಿ ಸಾವಿರಾರು ರಾಜಕೀಯ ಕೈದಿಗಳನ್ನು ಕೊಲ್ಲಲಾಯಿತು, ಅವರಲ್ಲಿ ಬಹಳ ಮಂದಿ ಎಡಪಂಥೀಯರಿದ್ದರು. ಆ ಸಾವುಗಳನ್ನು ನೆನೆದು ನಮಗೆ ದುಃಖವೇ ಆಗುತ್ತದೆ. ಹೆಂಗಸರನ್ನು ಬೀದಿಯಲ್ಲಿ ಹೊಡೆದ ಕೈಯೇ ಮುಂದೆ ಪತ್ರಿಕೆಗಳನ್ನು ಮುಚ್ಚಿಸಿತು, ಕುರ್ದಿ ಜನರನ್ನು ತುಳಿಯಿತು, ವಿಶ್ವವಿದ್ಯಾಲಯಗಳಿಗೆ ಬೀಗ ಹಾಕಿತು. 1979ರ ಮಾರ್ಚಿನಲ್ಲಿ ಎಲ್ಲರೂ ಆ ಹೆಂಗಸರ ಬೆನ್ನಿಗೆ ನಿಂತಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತೆಂದು ನಾವು ಹೇಳಲಾರೆವು. ಆದರೆ ಹೆಣ್ಣಿನ ಮೇಲಿನ ಮೊದಲ ಏಟನ್ನು ನೋಡಿಯೂ ಸುಮ್ಮನಿದ್ದವರಿಗೆ, ಎರಡನೆಯ ಏಟು ತಮ್ಮ ಮೇಲೆ ಬಿದ್ದಾಗ ಕೂಗಲು ಜೊತೆಯವರು ಉಳಿದಿರಲಿಲ್ಲ ಎಂಬುದಂತೂ ನಿಜ.

ಈಗ ಇನ್ನೊಂದು ದಂಡೆಗೆ ಬರೋಣ. ಹೆಣ್ಣಿನ ಕಣ್ಣೀರನ್ನು ತೋರಿಸಿ ಯುದ್ಧಕ್ಕೆ ಹೊರಡುವವರೂ ಇದ್ದಾರೆ. 2001ರಲ್ಲಿ ಅಮೆರಿಕ ಆಫ್ಘಾನಿಸ್ತಾನದ ಮೇಲೆ ಬಾಂಬು ಹಾಕುತ್ತಿದ್ದಾಗ, ಅಧ್ಯಕ್ಷರ ಪತ್ನಿ ರೇಡಿಯೋದಲ್ಲಿ ಮಾತನಾಡಿ ಇದು ಅಲ್ಲಿನ ಹೆಂಗಸರ ಹಕ್ಕಿಗಾಗಿ ನಡೆಯುವ ಹೋರಾಟವೂ ಹೌದೆಂದರು. 1980ರ ದಶಕದಲ್ಲಿ ಅದೇ ಆಫ್ಘಾನಿಸ್ತಾನದಲ್ಲಿ ಹೆಣ್ಣುಮಕ್ಕಳ ಓದಿಗೆ ವಿರೋಧಿಗಳಾದ ಗುಂಪುಗಳಿಗೂ ಹಣ, ಬಂದೂಕು ಹರಿಸಿದ್ದು ಇದೇ ಅಮೆರಿಕ. 20 ವರ್ಷದ ಯುದ್ಧದ ನಂತರ 2021ರಲ್ಲಿ ಅವರ ಸೈನ್ಯ ಹೊರಟುಹೋಯಿತು, ತಾಲಿಬಾನ್ ಮರಳಿತು, ಹುಡುಗಿಯರ ಪ್ರೌಢಶಾಲೆಗಳ ಬಾಗಿಲು ಮುಚ್ಚಿತು. ಇರಾನಿನಲ್ಲಿಯೂ ಹೀಗೆಯೇ. 2022ರ ಸೆಪ್ಟೆಂಬರಿನಲ್ಲಿ ತಲೆವಸ್ತ್ರದ ನೆಪದಲ್ಲಿ ಬಂಧಿಸಲ್ಪಟ್ಟ 22 ವರ್ಷದ ಮಹ್ಸಾ ಅಮೀನಿ ಪೊಲೀಸರ ವಶದಲ್ಲಿ ಸತ್ತಾಗ, ‘ಹೆಣ್ಣು, ಬದುಕು, ಸ್ವಾತಂತ್ರ್ಯ’ ಎಂಬ ಕುರ್ದಿ ಹೆಂಗಸರ ಘೋಷಣೆ ದೇಶವನ್ನೆಲ್ಲ ವ್ಯಾಪಿಸಿತು. 2025ರ ಜೂನ್ 13ರಂದು ಇರಾನಿನ ಮೇಲೆ ದಾಳಿ ಆರಂಭಿಸಿದ ಇಸ್ರೇಲಿನ ಪ್ರಧಾನಿ ನೆತನ್ಯಾಹು ಆ ಘೋಷಣೆಯನ್ನೇ ತಮ್ಮ ಭಾಷಣಕ್ಕೆ ಎತ್ತಿಕೊಂಡರು. ಹತ್ತು ದಿನದ ನಂತರ, ಜೂನ್ 23ರಂದು, ಇಸ್ರೇಲಿನ ಬಾಂಬುಗಳು ಟೆಹರಾನಿನ ಎವಿನ್ ಸೆರೆಮನೆಯ ಮೇಲೆ ಬಿದ್ದವು. ಆ ಘೋಷಣೆ ಕೂಗಿದ ಹೆಂಗಸರನ್ನು ಕೂಡಿಹಾಕಿದ್ದ ಸೆರೆಮನೆಗಳಲ್ಲಿ ಅದೂ ಒಂದು. ಅಲ್ಲಿ ಸತ್ತ ಹತ್ತಾರು ಜನರಲ್ಲಿ ಕೈದಿಗಳೂ, ಅವರನ್ನು ನೋಡಲು ಬಂದ ಮನೆಯವರೂ ಇದ್ದರು. ಮೊಸಳೆ ಕಣ್ಣೀರು ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೇ?

ಅತ್ತ ದರಿ, ಇತ್ತ ಪುಲಿ. ಹೆಂಗಸರು ಈ ಇಕ್ಕಟ್ಟಿನಲ್ಲಿ ಸಿಕ್ಕಿದ್ದು ಹೊಸತೇನಲ್ಲ. ನಮ್ಮ ದೇಶದಲ್ಲಿ ಇದರ ಪಾಠ ಬಹಳ ಹಿಂದೆಯೇ ಆಗಿದೆ. 1890ರಲ್ಲಿ ಕಲ್ಕತ್ತೆಯ ನ್ಯಾಯಾಲಯದ ಮುಂದೆ, ಹತ್ತು ಹನ್ನೊಂದು ವರ್ಷದ ಹುಡುಗಿಯೊಬ್ಬಳು ವಯಸ್ಕ ಗಂಡನ ಬಲಾತ್ಕಾರದಿಂದ ಸತ್ತ ಮೊಕದ್ದಮೆ ಬಂತು. ಹೆಣ್ಣಿನ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಲು ಬ್ರಿಟಿಷ್ ಸರ್ಕಾರ 1891ರಲ್ಲಿ ಕಾಯಿದೆ ತಂದಾಗ, ಪರಕೀಯರಿಗೆ ನಮ್ಮ ಮನೆಯೊಳಗೆ ಕೈಹಾಕುವ ಅಧಿಕಾರವಿಲ್ಲ ಎಂದು ಅದನ್ನು ವಿರೋಧಿಸಿದವರಲ್ಲಿ ಬಾಲಗಂಗಾಧರ ತಿಲಕರೂ ಇದ್ದರು. ಅವರ ದೇಶಪ್ರೇಮದ ಬಗ್ಗೆ ಸಂಶಯವಿಲ್ಲ. ಆದರೆ ಆ ಮಗುವಿನ ಪರವಾಗಿ ಮಾತನಾಡಲು ಆ ವಾದದಲ್ಲಿ ಜಾಗವಿರಲಿಲ್ಲ. ಮುಂದೆ 1927ರಲ್ಲಿ ಅಮೆರಿಕದ ಕ್ಯಾಥರೀನ್ ಮೇಯೋ ‘ಮದರ್ ಇಂಡಿಯಾ’ ಎಂಬ ಪುಸ್ತಕ ಬರೆದು, ಬಾಲ್ಯವಿವಾಹ ಮಾಡುವ ಈ ಜನ ಸ್ವರಾಜ್ಯಕ್ಕೆ ಯೋಗ್ಯರಲ್ಲ ಎಂಬಂತೆ ಚಿತ್ರಿಸಿದಳು. ಒಂದು ಕಡೆ ಹೆಣ್ಣಿನ ನೋವನ್ನು ಮುಚ್ಚಿಡುವ ದೇಶಭಕ್ತರು, ಇನ್ನೊಂದು ಕಡೆ ಅದೇ ನೋವನ್ನು ತೋರಿಸಿ ದಾಸ್ಯವನ್ನು ಸಮರ್ಥಿಸುವ ಪರಕೀಯರು.

ನಮ್ಮ ಹಿರಿಯ ಹೆಂಗಸರು ಆಗ ಏನು ಮಾಡಿದರು? ಮೇಯೋಳ ಪುಸ್ತಕವನ್ನೂ ಖಂಡಿಸಿದರು, ಬಾಲ್ಯವಿವಾಹ ನಿಷೇಧಕ್ಕೂ ಪಟ್ಟುಹಿಡಿದರು. 1927ರಲ್ಲಿ ಹುಟ್ಟಿದ ಅಖಿಲ ಭಾರತ ಮಹಿಳಾ ಸಮ್ಮೇಳನ ಈ ಕೆಲಸದ ಮುಂಚೂಣಿಯಲ್ಲಿತ್ತು. ಅದರ ಮೊದಲ ಸಂಘಟನಾ ಕಾರ್ಯದರ್ಶಿ ನಮ್ಮ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ. 1903ರಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ, ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ, ಆ ನೋವನ್ನು ಸ್ವತಃ ಉಂಡವರು. 1926ರಲ್ಲಿ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತು ಅಲ್ಪ ಮತಗಳಿಂದ ಸೋತರು. 1929ರಲ್ಲಿ ಶಾರದಾ ಕಾಯಿದೆ ಬಂದು ಮದುವೆಯ ವಯಸ್ಸು ಹುಡುಗಿಗೆ 14, ಹುಡುಗನಿಗೆ 18 ಎಂದಾಯಿತು. ಮರುವರ್ಷವೇ ಉಪ್ಪಿನ ಸತ್ಯಾಗ್ರಹ. ಹೆಂಗಸರನ್ನೂ ಸೇರಿಸಿಕೊಳ್ಳಬೇಕೆಂದು ಗಾಂಧೀಜಿಯವರ ಹತ್ತಿರ ವಾದಿಸಿ, ಕಾನೂನು ಮುರಿದು, ಕಮಲಾದೇವಿ ಜೈಲಿಗೆ ಹೋದರು. ಬ್ರಿಟಿಷರ ಶಾಸನಸಭೆಯಿಂದ ಹೆಣ್ಣುಮಕ್ಕಳಿಗೆ ಬೇಕಾದ ಕಾನೂನನ್ನು ಹೊರಡಿಸಿದ ಹೋರಾಟಕ್ಕೂ, ಬ್ರಿಟಿಷರ ಕಾನೂನನ್ನು ಮುರಿದ ಹೋರಾಟಕ್ಕೂ ಒಬ್ಬಳೇ ಹೆಂಗಸು ಕೈಜೋಡಿಸಿದ್ದಳು. ಅವರಿಗೆ ಇದರಲ್ಲಿ ಯಾವ ವೈರುಧ್ಯವೂ ಕಾಣಲಿಲ್ಲ. ಶಾರದಾ ಕಾಯಿದೆ ಕಾಗದದ ಮೇಲೆಯೇ ಬಹುಪಾಲು ಉಳಿಯಿತೆಂಬುದು ನಿಜ, ಆದರೆ ಅವರು ತೋರಿಸಿದ ದಾರಿ ಉಳಿದಿದೆ.

ಇರಾನಿನ ಹೆಂಗಸರೂ 2025ರಲ್ಲಿ ಅದೇ ದಾರಿ ಹಿಡಿದರು. ತಮ್ಮ ಸರ್ಕಾರದ ಸೆರೆಮನೆಗಳಲ್ಲಿ ವರ್ಷಗಟ್ಟಲೆ ಕಳೆದ, 2023ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ನರ್ಗೀಸ್ ಮೊಹಮ್ಮದಿ, ಶಿರಿನ್ ಎಬಾದಿ ಮೊದಲಾದವರು ಯುದ್ಧ ಕೂಡಲೇ ನಿಲ್ಲಬೇಕೆಂದು ಬಹಿರಂಗವಾಗಿ ಒತ್ತಾಯಿಸಿದರು. ತಮ್ಮ ಆಳುವವರ ಮೇಲಿನ ಆಕ್ಷೇಪಣೆಯನ್ನೂ ಅದರಲ್ಲಿ ಬಿಟ್ಟುಕೊಡಲಿಲ್ಲ.

ಗೆಳತಿಯರೇ, ಇದು ದೂರದ ದೇಶಗಳ ರಾಜಕೀಯ ಮಾತ್ರವೆಂದು ತಿಳಿಯಬೇಡಿ. ‘ಮನೆಯ ಮಾತು ಬೀದಿಗೆ ಬರಬಾರದು’, ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ಹೇಳಿ ಎಷ್ಟು ಹೆಣ್ಣುಮಕ್ಕಳನ್ನು ಸುಮ್ಮನಾಗಿಸಿಲ್ಲ? ಅತ್ತೆಮನೆಯ ಮರ್ಯಾದೆ, ಜಾತಿಯ ಮರ್ಯಾದೆ, ಊರಿನ ಮರ್ಯಾದೆ, ದೇಶದ ಮರ್ಯಾದೆ ಎಲ್ಲವೂ ಒಂದೇ ಸರಪಳಿಯ ಕೊಂಡಿಗಳು. ಚಳವಳಿಗಳೂ ಇದಕ್ಕೆ ಹೊರತಲ್ಲ. ಮುಷ್ಕರದ ಸಮಯದಲ್ಲಿ ಮುಖಂಡನೊಬ್ಬ ಹೆಂಡತಿಯನ್ನು ಹೊಡೆದಾಗ, ‘ಈಗ ದೂರು ಕೊಟ್ಟರೆ ಮಾಲೀಕನಿಗೆ ಖುಷಿ, ಮುಷ್ಕರ ಮುಗಿಯಲಿ’ ಎಂದು ಆಕೆಗೆ ಬುದ್ಧಿ ಹೇಳುವ ಸಂಗಾತಿಗಳನ್ನು ನಾವು ಕಂಡಿದ್ದೇವೆ. ಮುಷ್ಕರ ಮುಗಿದ ಮೇಲೆ ಚುನಾವಣೆ ಬರುತ್ತದೆ, ಚುನಾವಣೆ ಮುಗಿದ ಮೇಲೆ ಇನ್ನೊಂದು ಮುಷ್ಕರ. ಆಕೆಯ ಸರದಿ ಬರುವುದೇ ಇಲ್ಲ. ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲೂ, ಗಂಡನ ಮನೆಯವರ ಕ್ರೌರ್ಯವನ್ನು ಅಪರಾಧವೆಂದ ಕಲಂ 1983ರಲ್ಲೂ, ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ 2005ರಲ್ಲೂ ಬಂದದ್ದು ‘ಆಮೇಲೆ’ ಎಂಬ ಮಾತನ್ನು ಹೆಂಗಸರು ಒಪ್ಪದಿದ್ದುದರಿಂದ.

ಹಾಗೆಂದು ದೊಡ್ಡ ಹೋರಾಟಗಳಿಂದ ದೂರ ಉಳಿಯಿರಿ ಎಂದು ಈ ಪತ್ರಿಕೆ ಹೇಳುವುದಿಲ್ಲ. ಯುದ್ಧ ಬಂದರೆ ಎಣ್ಣೆಯ ಬೆಲೆ, ಗೊಬ್ಬರದ ಬೆಲೆ, ಅಡಿಗೆಯ ಗ್ಯಾಸಿನ ಬೆಲೆ ಏರಿ ಮೊದಲು ಬರಿದಾಗುವುದು ನಮ್ಮ ಅಡಿಗೆಮನೆಯೇ. ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಮಕ್ಕಳ ಸುದ್ದಿಗಾಗಿ ರಾತ್ರಿಯಿಡೀ ಎಚ್ಚರವಿರುವವರು ತಾಯಂದಿರೇ. ಸಾಮ್ರಾಜ್ಯಶಾಹಿಯನ್ನು ವಿರೋಧಿಸಲು ಬೇರೆಯವರಿಗಿಂತ ನಮಗೇ ಹೆಚ್ಚು ಕಾರಣಗಳಿವೆ. ಆದ್ದರಿಂದ ಹೋಗೋಣ. ಆದರೆ ಕೆಲವು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಹೋಗೋಣ. ‘ಮೊದಲು ದೊಡ್ಡ ಶತ್ರು’ ಎನ್ನುವವರನ್ನು ಕೇಳಬೇಕು: ಯಾವುದು ದೊಡ್ಡದೆಂದು ತೀರ್ಮಾನಿಸಿದ ಸಭೆಯಲ್ಲಿ ಹೆಂಗಸರು ಎಷ್ಟು ಮಂದಿ ಇದ್ದರು? ‘ಆಮೇಲೆ’ ಎಂದರೆ ಯಾವಾಗ? ಹೆಣ್ಣಿನ ಕಷ್ಟಕ್ಕೆ ಮರುಗಿ ಬರುವ ಬಲಾಢ್ಯರನ್ನು ಕೇಳಬೇಕು: ನಿಮ್ಮನ್ನು ಕರೆದವರು ಯಾರು? ನೀವು ತಂದ ಗಂಟಿನಲ್ಲಿ ಏನಿದೆ? ನಮ್ಮನ್ನು ನಾವೂ ಕೇಳಿಕೊಳ್ಳಬೇಕು: ನಾವು ಮಾತನಾಡುವಾಗ ನಮಗಿಂತ ಬಡವಳಾದ, ನಮಗಿಂತ ಕೆಳಗೆ ತಳ್ಳಲ್ಪಟ್ಟ ಹೆಣ್ಣಿಗೆ ಮಾತಾಡಲು ಜಾಗ ಬಿಟ್ಟಿದ್ದೇವೆಯೇ, ಅಥವಾ ಅವಳಿಗೂ ‘ಆಮೇಲೆ’ ಎಂದಿದ್ದೇವೆಯೇ?

ಮುಂದಿನ ತಿಂಗಳ ಸಭೆಯಲ್ಲಿ ಈ ಪ್ರಶ್ನೆಗಳನ್ನು ಓದಿ ಚರ್ಚಿಸಿ, ಸದಸ್ಯೆಯರು ಹೇಳಿದ್ದನ್ನು ನಿರ್ಣಯ ಪುಸ್ತಕದಲ್ಲಿ ಬರೆದಿಡಿ. ಯುದ್ಧ ವಿರೋಧಿ ಮೆರವಣಿಗೆಗೆ ಕರೆ ಬಂದರೆ ತಪ್ಪದೆ ಹೋಗಿ. ಹೋಗುವಾಗ ನಿಮ್ಮ ಸಂಘದ ಬ್ಯಾನರನ್ನು ನೀವೇ ಬರೆದು ಹಿಡಿಯಿರಿ. ‘ಯುದ್ಧ ಬೇಡ’ ಎಂಬ ಸಾಲಿನ ಜೊತೆಗೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ‘ಮನೆಯಲ್ಲೂ ಹೊಡೆತ ಬೇಡ’ ಎಂಬ ಸಾಲೂ ಇರಲಿ. ಎರಡನೆಯ ಸಾಲನ್ನು ಅಳಿಸಿ ಬನ್ನಿ ಎಂದು ಯಾರಾದರೂ ಹೇಳಿದರೆ, ಅದನ್ನು ಅಳಿಸದೆಯೇ ಮೆರವಣಿಗೆಯಲ್ಲಿ ನಡೆಯಿರಿ.